ಗಡ್ಡೆಗೆ ಮಾಡಿದ ಸುಳ್ಳು ಕರೆ

ನಾನು ಹೆದರುಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನಿಂದ ಹೆಚ್ಚಿನದೇನನ್ನೂ ನಿರೀಕ್ಷಿಸುವುದು ಬೇಡ. ಗುಡುಗಿಗೆ ಹೆದರುತ್ತೇನೆ, ಲಿಫ್ಟಿಗೆ ಹೆದರುತ್ತೇನೆ, ಸರ್ಕಾರಿ ಕಚೇರಿಯ ಕಿಟಕಿಯ ಮುಂದೆ ನಿಂತರೆ ನನ್ನ ಹೆಸರೇ ನನಗೆ ಮರೆಯುತ್ತದೆ. ಕೊಪ್ಪಳ ಹೊಸದಾಗಿ ಜಿಲ್ಲೆಯಾದ ೧೯೯೭ರಲ್ಲಿ ನಾನು ಮೊದಲ ಸಲ ಕಂಪ್ಯೂಟರ್ ಮುಟ್ಟಿದ್ದು. ಅದೂ ಚಪ್ಪಲಿ ಹೊರಗೆ ಬಿಟ್ಟು, ಕರೆಂಟು ಹೊಡೆದೀತೆಂದು ಒಂದೇ ಬೆರಳಿನಿಂದ. ಆಮೇಲೆ ಅದೇ ಕಂಪ್ಯೂಟರನ್ನು ಗಂಗಾವತಿಯ ಒಂದು ಕಾಲೇಜಿನಲ್ಲಿ ಕಲಿಸುತ್ತ ನನ್ನ ಅರ್ಧ ಆಯುಷ್ಯ ಕಳೆಯಿತು. ಹೆದರಿಕೆ ಮಾತ್ರ ಹಾಗೇ ಉಳಿಯಿತು.

ಇಂಥ ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಸಮ್ಮೇಳನದ ಕೊನೆಯ ದಿನ ತುಂಬಿದ ಸಭೆಯಲ್ಲಿ ಕೈ ಎತ್ತಿದೆ. ವೇದಿಕೆಯ ಮೇಲಿದ್ದವರು ಹ್ಯಾಕಥಾನ್ ಬಗ್ಗೆ ಮಾತಾಡುತ್ತಿದ್ದರು. ಹುಡುಗ ಹುಡುಗಿಯರು ಗುಂಪು ಗುಂಪಾಗಿ ಎರಡು ದಿನ ಒಂದೇ ಕಡೆ ಕೂತು, ತಮ್ಮ ಊರಿಗೆ ಬೇಕಾದ ಯಾವುದಾದರೂ ಒಂದು ಕೆಲಸಕ್ಕೆ ಪ್ರೋಗ್ರಾಂ ಬರೆದು, ಎರಡನೆಯ ದಿನ ಎಲ್ಲರೆದುರು ಅದನ್ನು ನಡೆಸಿ ತೋರಿಸಬೇಕು. ನಿಮ್ಮ ನಿಮ್ಮ ಊರಿನಲ್ಲಿ ಯಾರು ಯಾರು ಮಾಡುತ್ತೀರಿ ಎಂದು ಅವರು ಕೇಳಿದಾಗ ನನ್ನ ಅಕ್ಕಪಕ್ಕದವರೆಲ್ಲ ಕೈ ಎತ್ತಿದರು. ನಾನೊಬ್ಬಳೇ ಎತ್ತದಿದ್ದರೆ ಎಬ್ಬಿಸಿ ನಿಲ್ಲಿಸಿ ಕಾರಣ ಕೇಳಿಯಾರು ಎಂಬ ಹೆದರಿಕೆಗೆ ನಾನೂ ಎತ್ತಿದೆ. ಊಟದ ಹೊತ್ತಿಗೆ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ದೊಡ್ಡ ಕಂಪನಿಯಲ್ಲಿದ್ದವರು, ಮೆತ್ತಗೆ ಮಾತಾಡುವ ಮನುಷ್ಯ. ಗಂಗಾವತಿಗೆ ತಾವೇ ತೀರ್ಪುಗಾರರಾಗಿ ಬರುವುದಾಗಿ ಹೇಳಿ ನನ್ನ ನಂಬರು ಬರೆದುಕೊಂಡರು. ಹೊಸಪೇಟೆಯವರೆಗೆ ರೈಲಿನಲ್ಲಿ ನನಗೆ ನಿದ್ದೆ ಹತ್ತಲಿಲ್ಲ.

ಕಾಲೇಜಿನವರು ನಾನು ಹೆದರಿದಷ್ಟು ಕಷ್ಟ ಕೊಡಲಿಲ್ಲ. ಲ್ಯಾಬು ಕೊಟ್ಟರು. ರಾತ್ರಿಯೆಲ್ಲ ಕೂರಿಸುವುದು ಮಾತ್ರ ಆಗದು, ಹೆಣ್ಣುಮಕ್ಕಳ ಮನೆಯವರಿಗೆ ಉತ್ತರ ಹೇಳುವವರು ಯಾರು ಎಂದರು. ಕೊನೆಗೆ ಶನಿವಾರ, ಭಾನುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಎಂದು ನಿಗದಿಯಾಯಿತು. ಕುಷ್ಟಗಿ, ಯಲಬುರ್ಗಾದಿಂದಲೂ ಹುಡುಗರು ಬರುತ್ತೇವೆಂದರು. ಒಂದು ಗುಂಪು ನೆಲ್ಲಿನ ಪೇಟೆ ಧಾರಣೆ ಹಿಡಿಯಿತು, ಇನ್ನೊಂದು ಬಸ್ಸಿನ ವೇಳೆ ಹಿಡಿಯಿತು. ಮೂರನೆಯ ಗುಂಪಿನಲ್ಲಿ ಆನೆಗೊಂದಿಯ ಒಬ್ಬ ಹುಡುಗಿಯಿದ್ದಳು. ಆಕೆ ಹೊಳೆ ಹಿಡಿದಳು.

ವಿರೂಪಾಪುರಗಡ್ಡೆಯನ್ನು ಎಲ್ಲರೂ ಬಲ್ಲರು. ತುಂಗಭದ್ರೆಯಲ್ಲಿ ಅದಕ್ಕಿಂತ ಕೆಳಗೆ, ಆನೆಗೊಂದಿಯ ಆಚೆ, ಬಂಡೆಗಳ ನಡುವೆ ಇನ್ನೂ ಸಣ್ಣ ನಡುಗಡ್ಡೆಯೊಂದಿದೆ, ನಮ್ಮ ಬಾಯಲ್ಲಿ ಬರೀ ಗಡ್ಡೆ. ಬಾಳೆ, ಸ್ವಲ್ಪ ನೆಲ್ಲು, ಎಮ್ಮೆಗಳು, ಕೆಲವು ಗುಡಿಸಲು. ಹರಿಗೋಲಿನಲ್ಲೇ ಹೋಗಬೇಕು, ಹರಿಗೋಲಿನಲ್ಲೇ ಬರಬೇಕು. ಮಳೆಗಾಲದಲ್ಲಿ ಡ್ಯಾಮ್ ತುಂಬಿ ಹೊಳೆಗೆ ನೀರು ಬಿಡುವ ಮುಂಚೆ ದಂಡೆಯ ಊರುಗಳಲ್ಲಿ ಡಂಗುರ ಹೊಡೆಸುತ್ತಾರೆ. ಡಂಗುರದ ಸದ್ದು ಗಡ್ಡೆಯವರೆಗೆ ಮುಟ್ಟುವುದಿಲ್ಲ. ನೀರು ಬಿಟ್ಟ ಸುದ್ದಿ ಬಂದ ಕೂಡಲೇ ಗಡ್ಡೆಯ ಪ್ರತಿಯೊಂದು ಮನೆಗೂ ಕಂಪ್ಯೂಟರೇ ಫೋನು ಮಾಡಿ, ಕನ್ನಡದಲ್ಲಿ ಎಚ್ಚರಿಕೆ ಹೇಳಬೇಕು. ಇದು ಆ ಗುಂಪಿನ ಯೋಚನೆ. ನನಗೆ ಭಾಳ ಹಿಡಿಸಿತು. ಹೆದರಿಸುವುದೇ ಕೆಲಸವಾಗಿರುವ ಪ್ರೋಗ್ರಾಂ ಅದು, ನನ್ನ ಮನಸ್ಸಿಗೆ ಹತ್ತಿರದ್ದು.

ಹತ್ತಿರವಾಗಲು ಇನ್ನೊಂದು ಕಾರಣವಿತ್ತು. ನನ್ನ ಅಕ್ಕನನ್ನು ಕೊಟ್ಟಿರುವುದು ಆನೆಗೊಂದಿಗೆ. ಆಕೆಯ ಅತ್ತೆಯೂ ಮೈದುನನೂ ಎಮ್ಮೆ ಕಟ್ಟಿಕೊಂಡು ಆ ಗಡ್ಡೆಯಲ್ಲೇ ಇರುತ್ತಿದ್ದರು. ನಾವಿಬ್ಬರೂ ಹುಲಿಹೈದರದ ಕಡೆಯವರು. ನಮಗೆ ನೀರೆಂದರೆ ಬಾವಿ, ಬಾವಿಯೆಂದರೆ ಹಗ್ಗದ ತುದಿಗಿರುವ ಕೊಡ. ಈಜು ನಮ್ಮ ಮನೆಯಲ್ಲಿ ಯಾರಿಗೂ ಬಾರದು. ಚಿಕ್ಕವಳಿದ್ದಾಗ ನಾನು ಬಾವಿಯ ಕಟ್ಟೆಯ ಹತ್ತಿರ ಹೋದರೆ ಕಾಲು ನಡುಗಿ ಅಲ್ಲೇ ಕೂತುಬಿಡುತ್ತಿದ್ದೆ, ಅಕ್ಕ ಬಂದು ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೋಗುತ್ತಿದ್ದಳು. ಆಕೆಗೆ ಮತ್ತಾವುದರ ಹೆದರಿಕೆಯೂ ಇರಲಿಲ್ಲ. ಹೊಳೆಯದೊಂದು ಮಾತ್ರ ಇತ್ತು. ಮದುವೆಯಾಗಿ ಮಕ್ಕಳು ದೊಡ್ಡವರಾದರೂ ಆಕೆ ಒಮ್ಮೆಯೂ ಹರಿಗೋಲು ಹತ್ತಿರಲಿಲ್ಲ. ಎದುರಿನ ದಂಡೆಯಲ್ಲಿ ಮದುವೆಯಿದ್ದರೆ ಹೊಸಪೇಟೆ ಸುತ್ತಿ ಬಸ್ಸಿನಲ್ಲಿ ಹೋಗಿ, ಅಕ್ಷತೆ ಬಿದ್ದ ಮೇಲೆ ಮುಟ್ಟುತ್ತಿದ್ದಳು. ಗಡ್ಡೆಯ ಅತ್ತೆಗೆ ರೊಟ್ಟಿ ಕಳಿಸುವುದು ಅಂಬಿಗನ ಕೈಯಲ್ಲೇ. ಸೊಸೆ ನನ್ನ ಗುಡಿಸಲು ನೋಡಿಲ್ಲ ಎಂದು ಅತ್ತೆ ಊರೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಹ್ಯಾಕಥಾನಿನ ಮುಂಚೆ ಎರಡು ಮೂರು ಭಾನುವಾರ ನಾನೂ ಆ ಗುಂಪಿನವರೂ ಗಡ್ಡೆಗೆ ಹೋಗಿಬಂದೆವು. ನಾನು ಹರಿಗೋಲಿನ ತಳದಲ್ಲಿ ಕಣ್ಣು ಮುಚ್ಚಿ ಕೂತಿದ್ದೆ ಎಂಬುದನ್ನು ಹುಡುಗರು ಕಾಲೇಜಿನಲ್ಲೆಲ್ಲ ಹೇಳಿ ಮುಗಿಸಿದ್ದಾರೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಗುಡಿಸಲು ಗುಡಿಸಲಿಗೆ ಹೋಗಿ ತಿಳಿಸಿ ಹೇಳಿದೆವು: ಇಂಥ ಭಾನುವಾರ ಮಧ್ಯಾಹ್ನ ಫೋನು ಬರುತ್ತದೆ, ನೀರು ಬಿಟ್ಟಿದ್ದಾರೆ ಎನ್ನುತ್ತದೆ, ಅದು ಸುಳ್ಳು ಕರೆ, ಪರೀಕ್ಷೆಗೆ ಮಾಡುವುದು, ಯಾರೂ ಹೆದರಬೇಡಿರಿ. ಅವರು ನಕ್ಕರು. ನದಿಯ ನಡುವೆ ಕೂತವರಿಗೆ ಹೆದರಬೇಡಿ ಎಂದು ಹೇಳಲು ಬಂದವಳು ಹರಿಗೋಲು ಇಳಿಯುವಾಗ ಇಬ್ಬರ ಕೈ ಹಿಡಿದಿದ್ದಳಲ್ಲ, ನಗದೆ ಏನು ಮಾಡುತ್ತಾರೆ. ಆಮೇಲೆ ನಿಮ್ಮ ನಂಬರು ಹೇಳಿ ಎಂದೆವು. ಎಲ್ಲರೂ ಹೇಳಿದರು. ಅಕ್ಕನ ಅತ್ತೆಗೆ ಓದು ಬರದಿದ್ದರೂ ಅಂಕಿಗಳನ್ನು ಒಂದೇ ಉಸಿರಿನಲ್ಲಿ ಹೇಳಿದಳು. ಹುಡುಗರು ಬರೆದುಕೊಂಡರು.

ಆ ಸಲ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಆಕೆ ನನ್ನ ಮೇಲೆ ಸಿಟ್ಟಾದಳು. ಮಳೆಗಾಲ, ಡ್ಯಾಮ್ ತುಂಬುತ್ತ ಬಂದಿದೆ, ಇಂಥದರಲ್ಲಿ ಗಡ್ಡೆಗೆ ಏನು ಕೆಲಸ ನಿನಗೆ ಎಂದಳು. ಸುಳ್ಳು ಕರೆಯ ವಿಷಯ ಆಕೆಗೂ ಹೇಳಿದೆ, ದಿನ ಯಾವುದೆಂದು ಮಾತ್ರ ಹೇಳಲಿಲ್ಲ. ಗಡ್ಡೆಯವರಿಗೆ ಫೋನು ಹೋಗುವ ದಿನದ ಒಳಗೆ ಇನ್ನೊಂದು ಸಲ ಹೋಗುವುದಿದೆ ಎಂದೂ ಹೇಳಿದೆ. ಆಮೇಲೆ ಹೋಗುವ ಅಗತ್ಯವೇ ಬೀಳಲಿಲ್ಲ. ಹೋಗಲಿಲ್ಲವೆಂದು ಆಕೆಗೆ ಹೇಳುವ ಅಗತ್ಯವೂ ಕಾಣಲಿಲ್ಲ.

ಶನಿವಾರ ಬೆಳಿಗ್ಗೆ ಲ್ಯಾಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ತೀರ್ಪುಗಾರರಾದ ಬೆಂಗಳೂರಿನ ಅತಿಥಿಗಳು ಹಿಂದಿನ ದಿನವೇ ಬಂದು ಮಿರ್ಚಿ ಭಜಿ ತಿಂದು ಹೊಟ್ಟೆ ಹಿಡಿದುಕೊಂಡಿದ್ದರು. ಅವರಿಗೇನಾದರೂ ಆದರೆ ಎಂದು ನನಗೊಂದು ಹೆದರಿಕೆ. ಕರೆಂಟು ಹೋದರೆ ಎಂದೊಂದು, ಕುಷ್ಟಗಿಯ ಹುಡುಗಿಯರು ಬಸ್ಸು ತಪ್ಪಿಸಿಕೊಂಡರೆ ಎಂದೊಂದು. ಹೀಗೆ ಸಣ್ಣ ಸಣ್ಣ ಹೆದರಿಕೆಗಳನ್ನೆಲ್ಲ ಮುಂಚೆಯೇ ಹೆದರಿ ಮುಗಿಸಿದ್ದೆ. ದೊಡ್ಡದು ಯಾವುದೂ ಉಳಿದಿಲ್ಲ ಎಂಬ ಧೈರ್ಯವೂ ಸ್ವಲ್ಪ ಬಂದಿತ್ತು.

ಸಂಜೆ ಹೊಳೆಯ ಗುಂಪಿಗೆ ಒಂದು ದನಿ ಬೇಕಾಯಿತು. ಮೊದಲು ಒಬ್ಬ ಹುಡುಗ ಓದಿದ. ಮದುವೆಗೆ ಕರೆದಂತಿತ್ತು. ಇನ್ನೊಬ್ಬ ಓದಿದ, ಬಸ್ ಸ್ಟ್ಯಾಂಡಿನ ಮೈಕಿನಂತೆ ಬಂತು. ಗಡ್ಡೆಯವರಿಗೆ ನಿಮ್ಮ ಪರಿಚಯವಿದೆ, ನೀವೇ ಓದಿರಿ ಎಂದು ನನ್ನನ್ನು ಕೂರಿಸಿದರು. ನಾನು ಓದಲು ಶುರುಮಾಡುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಹಿಂದೆ ಯುಪಿಎಸ್ ಕೀ ಕೀ ಎನ್ನುತ್ತಿದೆ, ಅದು ಕೈಕೊಡುವುದರೊಳಗೆ ಮುಗಿಸಬೇಕು. ಒಂದೇ ಏಟಿಗೆ ಓದಿದೆ.

"ಡ್ಯಾಮಿನಿಂದ ಹೊಳಿಗೆ ನೀರು ಬಿಟ್ಟಾರ. ತಡಾ ಮಾಡಬ್ಯಾಡ್ರಿ, ದನಾ ಬಿಚ್ಚಿಕೊಂಡು ಜಲ್ದಿ ಗಡ್ಡಿ ಬಿಟ್ಟು ಬರ್ರಿ. ಇದು ಪರೀಕ್ಷೆಗೆ ಮಾಡಿದ ಸುಳ್ಳು ಕರಿ ಐತಿ."

ಹುಡುಗರು ಅದನ್ನು ಮತ್ತೆ ಮತ್ತೆ ಕೇಳಿ ಖುಷಿಪಟ್ಟರು. ಆನೆಗೊಂದಿಯ ಹುಡುಗಿ ಹೇಳಿದಳು: "ಮೇಡಂ, ನೀವು ಹೆದರಿದ್ದು ಭಾಳ ಖರೇ ಬಂದೈತ್ರಿ." ನಟನೆಯೇನಲ್ಲ, ನಿಜವಾಗಿಯೂ ಹೆದರಿದ್ದೆ, ಯುಪಿಎಸ್ಸಿಗೆ. ಮೆಚ್ಚಿಕೊಂಡರಲ್ಲ ಎಂದು ಸುಮ್ಮನಾದೆ.

ಭಾನುವಾರ ಊಟದ ನಂತರ ತೋರಿಸುವ ಸರದಿ. ಕರೆ ಮಾಡುವ ಪುಟ್ಟ ಯಂತ್ರಕ್ಕೆ ಒಂದು ಸಿಮ್ ಬೇಕಿತ್ತು. ಹುಡುಗರ ಸಿಮ್ಮುಗಳಲ್ಲಿ ದುಡ್ಡಿರಲಿಲ್ಲ, ಎಂದೂ ಇರುವುದಿಲ್ಲ. ನನ್ನದನ್ನೇ ತೆಗೆದು ಹಾಕಿದೆ. ಒಬ್ಬ ಹುಡುಗ ಗುಂಡಿ ಒತ್ತಿದ. ಪರದೆಯ ಮೇಲೆ ನಂಬರುಗಳು ಒಂದರ ಹಿಂದೆ ಒಂದು ಹಸಿರಾಗುತ್ತ ಹೋದವು. ಹಸಿರೆಂದರೆ ಆ ಕಡೆ ಫೋನು ಎತ್ತಿದ್ದಾರೆ ಎಂದರ್ಥ. ಒಂದೂ ಕೆಂಪಾಗಲಿಲ್ಲ. ಲ್ಯಾಬೆಲ್ಲ ಚಪ್ಪಾಳೆ. ಪಕ್ಕದಲ್ಲಿ ಪ್ರತಿ ಕರೆ ಎಷ್ಟು ಹೊತ್ತು ನಡೆಯಿತೆಂದೂ ಕಾಣಿಸುತ್ತಿತ್ತು. ಯಾರೂ ಪೂರ್ತಿ ಕೇಳಿರಲಿಲ್ಲ, ಎಲ್ಲರೂ ಮೊದಲ ಮಾತಿಗೇ ಇಟ್ಟಿದ್ದರು. ಸಂದೇಶ ಅಷ್ಟು ಬೇಗ ತಿಳಿಯುತ್ತದೆ ಎಂದು ಅತಿಥಿಗಳು ಮೆಚ್ಚಿದರು. ಸುಳ್ಳು ಕರೆ ಎಂಬ ಮಾತು ಕೊನೆಯಲ್ಲಿದೆಯಲ್ಲ ಎಂದು ನನಗೆ ಹೊಳೆಯಿತು. ಆದರೂ ಗಡ್ಡೆಯವರಿಗೆ ಮುಂಚೆಯೇ ಗೊತ್ತಿದೆ, ನಗುತ್ತ ಇಟ್ಟಿರುತ್ತಾರೆ ಎಂದುಕೊಂಡೆ.

ಚಪ್ಪಾಳೆ ನಿಂತು ಮುಂದಿನ ಗುಂಪು ಎದ್ದು ನಿಂತಾಗ ಆನೆಗೊಂದಿಯ ಹುಡುಗಿಯ ಫೋನು ಬಡಿದುಕೊಂಡಿತು. ಹೊರಗೆ ಹೋದವಳು ತಿರುಗಿ ಬಂದು ಬಾಗಿಲಲ್ಲೇ ನಿಂತಳು.

"ಮೇಡಂ, ಫೋನು ಗಡ್ಡಿಗೆ ಹೋಗಿಲ್ರಿ. ಎಲ್ಲಾ ನಮ್ಮೂರಿಗೆ ಬಂದಾವ. ಮಂದಿ ಹೊಳಿಗೆ ಹರಗೋಲ ಹಾಕ್ಯಾರಂತ."

ಎಲ್ಲಿಗೆ ಎಂದು ಕೇಳಿದೆ. ಕೇಳಬಾರದಿತ್ತು ಎಂದು ಈಗಲೂ ಅನ್ನಿಸುತ್ತದೆ.

"ಗಡ್ಡಿಗೇ ರೀ. ಹೇಳಾಕ."

ಅತಿಥಿಗಳ ಕಾರಿನಲ್ಲಿ ಅವರೂ ನಾನೂ ಆ ಹುಡುಗಿಯೂ ಹೊರಟೆವು. ಯಂತ್ರದಿಂದ ಸಿಮ್ ಕಿತ್ತು ನನ್ನ ಫೋನಿಗೆ ಹಾಕುವಾಗ ಅದು ಎರಡು ಸಲ ಕೈಯಿಂದ ಜಾರಿ ಸೀಟಿನ ಕೆಳಗೆ ಬಿತ್ತು. ಹುಡುಗಿ ದಾರಿಯಲ್ಲಿ ಊರಿಗೆ ಫೋನು ಮಾಡಿ ಮಾಡಿ ವಿಷಯ ತಿಳಿದುಕೊಂಡಳು. ಅದು ಇಷ್ಟು: ಗಡ್ಡೆಯಲ್ಲಿ ಫೋನು ಇಟ್ಟುಕೊಂಡವರೇ ಕಡಿಮೆ. ಮೊಬೈಲು ಎಲ್ಲರ ಮನೆಗೆ ಬಂದು ಎಲ್ಲರ ಕೈಗೆ ಇನ್ನೂ ಬರದಿದ್ದ ವರ್ಷಗಳವು, ಮೇಲಾಗಿ ಅಲ್ಲಿ ಚಾರ್ಜು ಮಾಡಲು ಕರೆಂಟಿಲ್ಲ, ಸಿಗ್ನಲ್ಲೂ ನೆಟ್ಟಗಿಲ್ಲ. ಅವರನ್ನು ಯಾರಾದರೂ ನಂಬರು ಕೇಳಿದರೆ ದಂಡೆಯ ಮೇಲಿರುವ ಮಗಳದ್ದೋ ಅಳಿಯನದ್ದೋ ಸೊಸೆಯದ್ದೋ ಹೇಳುತ್ತಾರೆ. ರೇಷನ್ನಿಗೂ ಅದೇ, ಸಾಲೆಗೂ ಅದೇ. ಅವರ ಮಟ್ಟಿಗೆ ಅದೇ ಅವರ ನಂಬರು. ಯಾರ ಫೋನು ಎಂದು ನಾವು ಕೇಳಿರಲಿಲ್ಲ. ಸುಳ್ಳು ಕರೆಯೆಂದು ತಿಳಿದಿದ್ದವರಿಗೆ ಕರೆ ಹೋಗಲಿಲ್ಲ, ಕರೆ ಬಂದವರಿಗೆ ಅದು ಸುಳ್ಳೆಂದು ತಿಳಿಯಲಿಲ್ಲ. ಕೆಲವರಿಗೆ ಪರೀಕ್ಷೆಯ ಸುದ್ದಿ ಕಿವಿಗೆ ಬಿದ್ದಿತ್ತಂತೆ. ಆದರೆ ಸುಳ್ಳು ಕರೆ ಹೋಗುವುದು ಗಡ್ಡೆಯವರಿಗೆ, ನಮಗೆ ಬಂದಿದ್ದು ಖರೇನೇ ಇರಬೇಕು ಎಂದು ಅವರ ಲೆಕ್ಕ. ನನಗೆ ಕರೆ ಬಂದಿದ್ದರೂ ನಾನು ಹಾಗೇ ಲೆಕ್ಕ ಹಾಕುತ್ತಿದ್ದೆ.

ಹೊಳೆಗೆ ನೀರು ಬಿಟ್ಟಿದ್ದಾರೆ ಎಂದು ಕೇಳಿದವರು ದಂಡೆ ಬಿಟ್ಟು ಮೇಲಕ್ಕೆ ಓಡಬೇಕು, ನದಿಗೆ ಯಾಕೆ ಇಳಿಯುತ್ತಾರೆ ಎಂದು ಅತಿಥಿಗಳು ಕೇಳಿದರು. ಉತ್ತರ ನನಗೆ ಗೊತ್ತಿತ್ತು. ನಮ್ಮ ಕಡೆ ಕೆಟ್ಟ ಸುದ್ದಿಯನ್ನು ಯಾರೂ ಫೋನಿನಲ್ಲಿ ಹೇಳುವುದಿಲ್ಲ. ಕೇಳಿದರೂ ನಿಂತು ಪೂರ್ತಿ ಕೇಳುವುದಿಲ್ಲ. ನನ್ನ ಅಪ್ಪ ತೀರಿಕೊಂಡಾಗ ಕಾಕಾ ಒಬ್ಬರು ಹುಲಿಹೈದರದಿಂದ ಬಸ್ಸು ಹತ್ತಿ ಗಂಗಾವತಿಗೆ ಬಂದು, ಕೊಟ್ಟ ನೀರು ಕುಡಿದು, ಊರಿಗೆ ಒಮ್ಮೆ ಬಂದು ಹೋಗು ಎಂದಷ್ಟೇ ಹೇಳಿ ನನ್ನನ್ನು ಕರೆದುಕೊಂಡು ಹೋಗಿದ್ದರು. ಅವರ ಜೇಬಿನಲ್ಲಿ ಫೋನಿತ್ತು. ಕೆಟ್ಟ ಸುದ್ದಿಯನ್ನು ಮನುಷ್ಯನೇ ಹೊತ್ತುಕೊಂಡು ಹೋಗಿ, ಎದುರಿಗೆ ನಿಂತು, ಬೀಳದಂತೆ ಹಿಡಿದುಕೊಂಡು ಹೇಳಬೇಕು. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು, ಆ ಗುಂಪಿನ ಎಲ್ಲ ಹುಡುಗರಿಗೂ ಗೊತ್ತು. ಕಂಪ್ಯೂಟರಿನ ಮುಂದೆ ಕೂತ ಎರಡು ದಿನ ನಮ್ಮಲ್ಲಿ ಒಬ್ಬರಿಗೂ ಅದು ನೆನಪಾಗಲಿಲ್ಲ.

ಆಗ ಅಕ್ಕನ ನೆನಪಾಯಿತು. ಅತ್ತೆ ಒಂದೇ ಉಸಿರಿನಲ್ಲಿ ಹೇಳಿದ ನಂಬರು ಯಾರದ್ದು? ನನ್ನ ಫೋನಿನಲ್ಲಿ ಅಕ್ಕ ಎಂದಷ್ಟೇ ಬರೆದಿತ್ತು, ಅಂಕಿಗಳು ನನಗೆ ಬಾಯಿಗೆ ಬರುತ್ತಿರಲಿಲ್ಲ. ಕರೆ ಮಾಡಿದೆ. ಪಕ್ಕದ ಮನೆಯಾಕೆ ಎತ್ತಿದಳು. ಫೋನು ಕಟ್ಟೆಯ ಮೇಲೆ ಬಿದ್ದಿತ್ತಂತೆ.

"ನಿಮ್ಮಕ್ಕ ಹೊಳಿಗೆ ಓಡಿದಳವ್ವ. ಹರಗೋಲ ಹತ್ಯಾಳಂತ."

ಹರಿಗೋಲು ಎಂದಳೋ ಬಸ್ಸು ಎಂದಳೋ ಎಂದು ಮತ್ತೆ ಕೇಳಿದೆ. ಅಕ್ಕ ಹರಿಗೋಲು ಹತ್ತುವುದು ನನ್ನ ತಲೆಯೊಳಗೆ ಹೋಗಲೇ ಇಲ್ಲ. ಆಮೇಲೆ ಗಂಗಾವತಿಯಿಂದ ಆನೆಗೊಂದಿಯ ದಾರಿ ಎಷ್ಟು ಉದ್ದವಿತ್ತೆಂದು ನಾನು ಹೇಳಲಾರೆ. ಕಾಲುವೆ, ಗದ್ದೆ, ಬಂಡೆಗುಡ್ಡ, ಮತ್ತೆ ಗದ್ದೆ. ದಾರಿಗಡ್ಡ ಎಮ್ಮೆಗಳು ಬಂದವು. ಅತಿಥಿಗಳು ಹಾರ್ನು ಹೊಡೆದರೆ ಅವು ತಿರುಗಿ ನೋಡಿದವು. ಅಕ್ಕ ನೀರಿಗೆ ಬಿದ್ದರೆ ಕೂಗುವವಳೂ ಅಲ್ಲ, ಸುಮ್ಮನೆ ಮುಳುಗುತ್ತಾಳೆ ಎಂದು ನನಗೆ ಅನ್ನಿಸಿತು.

ದಂಡೆಯ ಬಂಡೆಗಳ ಮೇಲೆ ಊರೇ ನಿಂತಿತ್ತು. ಡ್ಯಾಮಿನಿಂದ ನೀರು ಬಿಟ್ಟಿರಲಿಲ್ಲ, ಆದರೂ ಮಳೆಗಾಲದ ಹೊಳೆ. ಕೆಂಪಗೆ, ಸದ್ದು ಮಾಡುತ್ತ, ಬಂಡೆಗಳ ಸಂದಿಯಲ್ಲಿ ಸುಳಿ ತಿರುಗುತ್ತ ಹರಿಯುತ್ತಿತ್ತು. ಅದು ಸುಳ್ಳು ಕರೆ ಎಂದು ನಾನು ಕೂಗಿ ಹೇಳಿದೆ. ಹತ್ತಿರವಿದ್ದವರು ಕೇಳಿ ತಲೆಗೆ ಕೈ ಹಚ್ಚಿದರು, ಕೆಲವರು ಬೈದರು. ಬೈಗುಳ ನನಗೆ ತಾಗಲಿಲ್ಲ. ಹೋದವರಲ್ಲಿ ಬಹಳ ಜನ ಆಗಲೇ ಗಡ್ಡೆಯವರನ್ನು ಕರೆದುಕೊಂಡು ಈ ದಂಡೆ ಮುಟ್ಟಿದ್ದರು. ಒಂದು ಹರಿಗೋಲು ಮಾತ್ರ ಬಂದಿರಲಿಲ್ಲ. ಯಾಕೆ ತಡ ಎಂದು ಯಾರಿಗೂ ತಿಳಿದಿರಲಿಲ್ಲ.

ಅಷ್ಟರಲ್ಲಿ ಅದು ಗಡ್ಡೆಯ ಬಾಳೆಗಿಡಗಳ ಮರೆಯಿಂದ ಹೊರಗೆ ಬಂತು. ಹರಿಗೋಲಿನ ಅಂಚು ನೀರಿಗೆ ನಾಲ್ಕು ಬೆರಳು ಮೇಲಿತ್ತೋ ಇಲ್ಲವೋ. ಅಂಬಿಗ, ಅಕ್ಕನ ಮೈದುನ, ಅತ್ತೆ, ಎರಡು ಆಡು, ಹಾಸಿಗೆಯ ಗಂಟು, ಪಾತ್ರೆಯ ಗಂಟು. ಹಿಂದೆ ಎಮ್ಮೆಗಳು ಮೂಗು ಮೇಲೆತ್ತಿ ಈಜುತ್ತಿದ್ದವು. ನಡುವೆ ಎರಡೂ ಕೈಯಿಂದ ಅಂಚು ಹಿಡಿದು, ತಲೆ ತಗ್ಗಿಸಿ ಕೂತವಳು ಅಕ್ಕ. ಹಸಿರು ಸೀರೆ. ಆ ಸೀರೆಯನ್ನು ನಾನೇ ಕೊಡಿಸಿದ್ದು.

ನಾನು ಎರಡೂ ಕೈ ಎತ್ತಿ ಬೀಸತೊಡಗಿದೆ. ಏನೂ ಆಗಿಲ್ಲ, ಅವಸರ ಬೇಡ, ನಿಧಾನ ಬನ್ನಿ ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ನೀರಿನ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸುತ್ತಿರಲಿಲ್ಲ. ನನ್ನನ್ನು ನೋಡಿ ಪಕ್ಕದವರೂ ಬೀಸಿದರು, ಬಂಡೆಯ ತುಂಬ ಕೈಗಳೇ ಆದವು. ಅದನ್ನು ಕಂಡ ಅಂಬಿಗ ಹಿಂದೆ ತಿರುಗಿ ಮೇಲಿನ ಹೊಳೆಯತ್ತ ಒಮ್ಮೆ ನೋಡಿ, ಇನ್ನೂ ಜೋರಾಗಿ ಹುಟ್ಟು ಹಾಕತೊಡಗಿದ. ಮೈದುನ ಎದ್ದು ನಿಂತು ತಾನೂ ಒಂದು ಹುಟ್ಟು ಹಿಡಿದ. ಹರಿಗೋಲು ಗಿರ್ರನೆ ತಿರುಗಿತು. ಆಡೊಂದು ಎಗರಿತು. ಅಂಚಿನ ಮೇಲಿಂದ ನೀರು ಒಳಗೆ ನುಗ್ಗಿದ್ದು ನನಗೆ ಕಾಣಿಸಿತು. ಹುಡುಗಿ ನನ್ನ ರಟ್ಟೆ ಹಿಡಿದು ಎಳೆದಳು: "ಕೈ ಬೀಸಬ್ಯಾಡ್ರಿ ಮೇಡಂ. ನೀರು ಬಂತು, ಜಲ್ದಿ ಬರ್ರಿ ಅಂದಂಗ ಆಗತೈತಿ."

ಕೈ ತಾವಾಗಿಯೇ ಕೆಳಗೆ ಬಿದ್ದವು. ಕಾಲೂ ಹೋದವು. ಬಾವಿಯ ಕಟ್ಟೆಯ ಮೇಲೆ ಚಿಕ್ಕವಳಿದ್ದಾಗ ಆಗುತ್ತಿದ್ದಂತೆಯೇ ನನ್ನ ಮೊಣಕಾಲು ಮಡಚಿಕೊಂಡು ಬಂಡೆಯ ಮೇಲೆ ಕುಸಿದು ಕೂತೆ. ಬುದ್ಧಿ ಓಡಿಸಿ ಕೂತೆನೆಂದು ಆಮೇಲೆ ಕೆಲವರು ಹೊಗಳಿದರು, ಅದು ಶುದ್ಧ ಸುಳ್ಳು. ನನಗೆ ತಲೆ ಸುತ್ತಿತೆಂದು ಇಬ್ಬರು ಹೆಂಗಸರು ಸೆರಗಿನಿಂದ ಗಾಳಿ ಹಾಕುತ್ತ ಪಕ್ಕದಲ್ಲಿ ಕೂತರು. ಅವರು ಕೂತದ್ದು ಕಂಡು ಹಿಂದಿನವರು ಕೂತರು. ಏನಾಗಿದೆ ಎಂದು ತಿಳಿಯದವರೂ ಕೂತರು. ನಮ್ಮಲ್ಲಿ ಹಾಗೆಯೇ, ನಾಲ್ಕು ಜನ ಕೂತರೆ ಐದನೆಯವನು ನಿಂತಿರುವುದಿಲ್ಲ. ನೋಡುನೋಡುತ್ತ ದಂಡೆಯೆಲ್ಲ ಕೂತುಬಿಟ್ಟಿತು.

ಹೊಳೆಗೆ ನೀರು ಬರುತ್ತಿದ್ದರೆ ಯಾರೂ ದಂಡೆಯ ಮೇಲೆ ಕೂತಿರುವುದಿಲ್ಲ. ಅಂಬಿಗ ಹುಟ್ಟು ನಿಲ್ಲಿಸಿ ನಮ್ಮ ಕಡೆ ನೋಡಿದ. ಮೈದುನನನ್ನು ಕೂರಿಸಿದ. ಆಮೇಲೆ ನೀರಿನ ಜೊತೆ ಜಗಳ ಬಿಟ್ಟು, ಅದು ಒಯ್ದ ಕಡೆ ಸ್ವಲ್ಪ ಹೋಗಗೊಟ್ಟು, ಓರೆಯಾಗಿ ಮೆಲ್ಲಗೆ ತರತೊಡಗಿದ. ಅಷ್ಟು ಹೊತ್ತೂ ನಾನು ಅಕ್ಕನ ಎರಡು ಕೈಗಳನ್ನೇ ನೋಡುತ್ತಿದ್ದೆ. ಅವು ಅಂಚು ಬಿಡಲಿಲ್ಲ. ಹರಿಗೋಲು ಕೆಳಗಿನ ಬಂಡೆಯ ಮಗ್ಗುಲಿಗೆ ಹತ್ತಿದಾಗಲೂ ಬಿಡಲಿಲ್ಲ, ಅಂಬಿಗನೇ ಬೆರಳು ಬಿಡಿಸಬೇಕಾಯಿತು.

ಮೊದಲು ಮೇಲೆ ಬಂದವಳು ಅತ್ತೆ. ನನ್ನನ್ನು ಕಂಡ ಕೂಡಲೇ ಬಾಯಿ ಶುರುವಾಯಿತು. ಫೋನು ಬಂದರೆ ಅದು ಸುಳ್ಳು ಎಂದು ನಾವೆಲ್ಲ ಗಟ್ಟಿಯಾಗಿದ್ದೆವು, ಓಡಿಬಂದ ಬೇರೆಯವರು ಹೇಳಿದಾಗಲೂ ನಾನು ಏಳಲಿಲ್ಲ ಎಂದಳು. "ಈಕಿ ಹರಗೋಲದಾಗಿಂದ ಇಳದಳು ನೋಡು. ಇಷ್ಟು ವರ್ಷ ಬರಲಾರದಾಕಿ ಬಂದಾಳ ಅಂದ ಮ್ಯಾಲ ಅದು ಹೆಂಗ ಸುಳ್ಳು ಆಗತೈತಿ? ಗಂಟು ಕಟ್ಟಿದೆ." ಕಟ್ಟಿ ಹರಿಗೋಲಿಗೆ ಹಾಕಿದರೂ ಸೊಸೆ ಹತ್ತಲಿಲ್ಲವಂತೆ. ಗುಡಿಸಲು ಗುಡಿಸಲಿಗೆ ಹೊಕ್ಕು, ಬಾಳೆಯ ತೋಟದೊಳಗೆ ಕೂಗುತ್ತ, ಗಡ್ಡೆಯ ಆ ತುದಿಯವರೆಗೆ ಹೋಗಿ ಬಂದಳಂತೆ. ಅಂಬಿಗ ಬಿಟ್ಟು ಹೋಗುತ್ತೇನೆಂದು ಹೆದರಿಸಿದ ಮೇಲೆ ರಟ್ಟೆ ಹಿಡಿದು ಕೂರಿಸಿದರಂತೆ. ತಡವಾದದ್ದು ಅದಕ್ಕೆ.

ಏನು ಹುಡುಕುತ್ತಿದ್ದಳು ಎಂದು ನಾನು ಕೇಳಿದೆ. ಅತ್ತೆ ಉತ್ತರ ಹೇಳುವಷ್ಟರಲ್ಲಿ ಅಕ್ಕ ಬಂಡೆ ಹತ್ತಿ ಬಂದಳು. ಸೊಂಟದವರೆಗೆ ತೊಯ್ದಿದ್ದಳು. ನಾನು ಇನ್ನೂ ಕೂತೇ ಇದ್ದೆ. ಆಕೆ ನನ್ನನ್ನು ನೋಡುತ್ತ ನಿಂತಳು, ನಾನು ನಾನೇ ಹೌದೋ ಅಲ್ಲವೋ ಎಂದು ನೋಡಿದ ಹಾಗಿತ್ತು.

"ಇಲ್ಲೇ ಅದಿ ಏನು ನೀ," ಎಂದಳು. "ನಿನ್ನ ನಂಬರು, ನಿನ್ನ ದನಿ. ಅಷ್ಟು ಹೆದರಿದ್ದಿ. ತಿರುಗಿ ಫೋನು ಹಚ್ಚಿದರ ಹತ್ತಲಿಲ್ಲ. ಗಡ್ಡಿಯಾಗ ಸಿಕ್ಕೊಂಡಿ ಅಂತ ತಿಳಕೊಂಡೆ."

ತಿರುಗಿ ಹಚ್ಚಿದರೆ ಹತ್ತುವುದಾದರೂ ಹೇಗೆ, ಸಿಮ್ಮು ಯಂತ್ರದಲ್ಲಿತ್ತು. ಇದನ್ನೆಲ್ಲ ಆಕೆಗೆ ಹೇಳಬೇಕೆಂದು ಬಾಯಿ ತೆರೆದೆ, ಅಳು ಬಂತು. ಆಕೆ ಬಗ್ಗಿ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು.

ಸಂಜೆ ಆಕೆಯ ಮನೆಯ ಕಟ್ಟೆಯ ಮೇಲೆ ಎಲ್ಲರೂ ಚಹಾ ಕುಡಿದೆವು. ಅತಿಥಿಗಳು ತೊಯ್ದ ಬೂಟು ಬಿಚ್ಚಿಟ್ಟು ಒಂದು ಮೂಲೆಯಲ್ಲಿ ಕೂತಿದ್ದರು, ಬಹುಮಾನದ ಮಾತು ಯಾರೂ ಎತ್ತಲಿಲ್ಲ. ಬಸ್ಸು ಹಿಡಿದು ಬಂದು ಸೇರಿದ್ದ ಹೊಳೆಯ ಗುಂಪಿನ ಇಬ್ಬರು ಹುಡುಗರು ತಲೆ ತಗ್ಗಿಸಿ ಅಕ್ಕನೆದುರು ನಿಂತರು. ಈ ಕೆಲಸ ಇಲ್ಲಿಗೇ ಬಿಡುತ್ತೇವೆ ಎಂದರು. ಅಕ್ಕ ಬೇಡವೆಂದಳು. ಖರೇ ನೀರು ಬಂದ ದಿನಕ್ಕೆ ಇದು ಬೇಕು, ಯಾವ ನಂಬರು ಯಾರದೆಂದು ಸರಿಯಾಗಿ ಕೇಳಿ ಬರೆದುಕೊಳ್ಳಿರಿ, ದಂಡೆಯವರಿಗೂ ತಿಳಿಸಿ ಹೇಳಿರಿ ಎಂದಳು. ಹಾಗೆಯೇ ಮಾಡುತ್ತೇವೆ, ನಾಳೆಯಿಂದಲೇ ಶುರುಮಾಡುತ್ತೇವೆ ಎಂದೆ ನಾನು. ಆಕೆ ಚಹಾದ ಕಪ್ಪು ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ಅದರಾಗ ಬ್ಯಾರೆ ಯಾರದರ ದನಿ ಹಾಕು," ಎಂದಳು. "ನಿನ್ನ ದನಿ ಬಂದರ ನಾ ಮತ್ತ ಹೋಗ್ತೀನಿ."

ಹುಡುಗರು ಮರುದಿನ ಲ್ಯಾಬಿಗೆ ಬಂದು ಮೊದಲು ನನ್ನ ದನಿಯನ್ನೇ ಅಳಿಸಿದರು.